ಏಳು ಸ್ಪೀಕರ್‌ಗಳ ಜಾಗಕ್ಕೆ ಒಂದು ಸೌಂಡ್‌ಬಾರ್: ಒಂದು ಪ್ರಕರಣ ಅಧ್ಯಯನ

ದೊಡ್ಡ ಹೋಮ್ ಥಿಯೇಟರ್ ವ್ಯವಸ್ಥೆಯನ್ನು ತೆಗೆದು, ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪೆಟ್ಟಿಗೆಯಾದ ಸೌಂಡ್‌ಬಾರ್ ಇಡಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಹಳೆಯದಕ್ಕೆ ಸಮನಾದ ಸೌಂಡ್‌ಬಾರ್ ಯಾವುದು ಎಂಬುದು. ಅಂಥದ್ದು ಯಾವುದೂ ಇಲ್ಲ. ಕೋಣೆಯ ಎರಡು ಮೂಲೆಗಳಲ್ಲಿ ನಿಂತ ಆಳೆತ್ತರದ ಸ್ಪೀಕರ್‌ಗಳು ಮಾಡುವ ಕೆಲಸವನ್ನು ಅಂಗೈ ಅಗಲದ ಡ್ರೈವರ್‌ಗಳು (ಧ್ವನಿ ಹೊರಡಿಸುವ ಘಟಕಗಳು) ಇರುವ ಒಂದು ಮೀಟರ್ ಉದ್ದದ ಪೆಟ್ಟಿಗೆ ಮಾಡಲಾರದು. ಹೀಗಿರುವಾಗ ಈ ಬದಲಾವಣೆಯಲ್ಲಿ ಆಯ್ಕೆ ಮಾಡುವುದೆಂದರೆ ಯಾವ ನಷ್ಟವನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂದು ಗೊತ್ತುಮಾಡಿಕೊಳ್ಳುವುದೇ ಆಗಿರುತ್ತದೆ. ಆ ಲೆಕ್ಕವನ್ನು ಒಂದು ಕುಟುಂಬ ಹೇಗೆ ಹಾಕಿತು ಎಂಬುದನ್ನು, ಸಲಹೆಗಾಗಿ ನನ್ನನ್ನು ಕರೆದಿದ್ದ ಕಾರಣ ಹತ್ತಿರದಿಂದ ನೋಡಿದ ಮಟ್ಟಿಗೆ, ಇಲ್ಲಿ ದಾಖಲಿಸಿದ್ದೇನೆ.

ಹಿನ್ನೆಲೆ

ಕುಟುಂಬದಲ್ಲಿ ಇದ್ದವರು ನಿವೃತ್ತ ದಂಪತಿ ಮತ್ತು ಅವರ ಮಗಳು. ಮೊದಲಿದ್ದ ಸ್ವತಂತ್ರ ಮನೆಯಲ್ಲಿ ಅವರಿಗೆ 7.1 ಚಾನೆಲ್‌ಗಳ (ಏಳು ಪ್ರತ್ಯೇಕ ಧ್ವನಿ ಹರಿವುಗಳು, ತಗ್ಗಿನ ಸದ್ದಿಗೆ ಇನ್ನೊಂದು) ವ್ಯವಸ್ಥೆಯಿತ್ತು: ಮುಂದೆ ಎರಡು ನೆಲದ ಮೇಲೆ ನಿಲ್ಲುವ ಸ್ಪೀಕರ್‌ಗಳು, ಟಿವಿ ಕಪಾಟಿನೊಳಗೆ ಒಂದು ಸೆಂಟರ್ ಸ್ಪೀಕರ್, ಪಕ್ಕಕ್ಕೂ ಹಿಂದಕ್ಕೂ ಸೇರಿ ನಾಲ್ಕು ಚಿಕ್ಕ ಸ್ಪೀಕರ್‌ಗಳು, ತಗ್ಗಿನ ಸದ್ದಿಗೆಂದೇ ಇರುವ 12 ಇಂಚಿನ ಸಬ್‌ವೂಫರ್ ಮತ್ತು ಇವೆಲ್ಲವನ್ನೂ ನಡೆಸುವ ಭಾರವಾದ ರಿಸೀವರ್. ಈಗ ಅವರು ಬಂದಿರುವುದು ಮೇಲೂ ಕೆಳಗೂ ಬೇರೆ ಮನೆಗಳಿರುವ ಫ್ಲಾಟ್‌ಗೆ. ಹಾಲ್‌ನ ಅಗಲ 4.6 ಮೀಟರ್, ಆಳ 3.8 ಮೀಟರ್, ಸೂರಿನ ಎತ್ತರ 2.9 ಮೀಟರ್. ಎಡಗಡೆ ಗಟ್ಟಿ ಗೋಡೆಯಿದೆ. ಬಲಗಡೆ ಗೋಡೆಯೇ ಇಲ್ಲ, ಹಾಲ್ ಹಾಗೆಯೇ ಊಟದ ಜಾಗಕ್ಕೆ ಮುಂದುವರಿಯುತ್ತದೆ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದ್ದು, ಕುಳಿತವರ ಕಿವಿಗೂ ಟಿವಿಗೂ ನಡುವೆ ಸುಮಾರು 3.2 ಮೀಟರ್ ದೂರವಿದೆ.

ಮೂವರ ಅಪೇಕ್ಷೆಗಳೂ ಒಂದೇ ಆಗಿರಲಿಲ್ಲ. ಯಜಮಾನರಿಗೆ ಬೇಕಾದದ್ದು ಸಂಗೀತ ಮತ್ತು ವರ್ಷಗಳಿಂದ ಕೂಡಿಟ್ಟ ಬ್ಲೂ-ರೇ ಡಿಸ್ಕ್‌ಗಳು. ಅವರ ಪತ್ನಿಯವರದು ಒಂದೇ ದೂರು: ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಕೇಳಲೆಂದು ವಾಲ್ಯೂಮ್ ಏರಿಸಿದರೆ ಮರುಕ್ಷಣವೇ ಬರುವ ಸ್ಫೋಟದ ಸದ್ದಿಗೆ ಮತ್ತೆ ರಿಮೋಟ್ ಹುಡುಕಬೇಕಾಗುತ್ತದೆ. ಮಗಳು ನೋಡುವುದೆಲ್ಲ ಟಿವಿಯೊಳಗಿನ ಆ್ಯಪ್‌ಗಳಲ್ಲಿ. ಅವಳಿಗೆ ಒಂದೇ ರಿಮೋಟ್‌ನಲ್ಲಿ ಎಲ್ಲ ನಡೆದರೆ ಸಾಕಿತ್ತು.

ಹಳೆಯ ವ್ಯವಸ್ಥೆಯನ್ನೇ ಮೊದಲು ಪರೀಕ್ಷಿಸಿದ್ದು

ಹೊಸದನ್ನು ನೋಡುವ ಮೊದಲು ಹಳೆಯದನ್ನು ಹಾಲ್‌ನಲ್ಲಿ ತಾತ್ಕಾಲಿಕವಾಗಿ ಜೋಡಿಸಿ ಕೇಳಿದೆವು. ಬಿಚ್ಚುವ ವಸ್ತುವನ್ನು ಮತ್ತೆ ಜೋಡಿಸುವುದೇಕೆ ಎಂದು ಯಜಮಾನರಿಗೆ ಅನಿಸಿದ್ದು ಸಹಜ. ಆದರೆ ಮಾತು ಕೇಳದಿರುವುದಕ್ಕೆ ಕಾರಣ ಸ್ಪೀಕರ್‌ಗಳ ಗುಣಮಟ್ಟವೋ, ಅವುಗಳ ಹೊಂದಾಣಿಕೆಯೋ ಎಂದು ತಿಳಿಯದೆ ಹೊಸ ಉಪಕರಣದಲ್ಲಿ ಏನನ್ನು ಹುಡುಕಬೇಕೆಂದು ಹೇಳುವುದು ಕಷ್ಟ. ಬಹುಚಾನೆಲ್ ಧ್ವನಿಯಲ್ಲಿ ಸಂಭಾಷಣೆಯ ಬಹುಭಾಗ ಬರುವುದು ಸೆಂಟರ್ ಚಾನೆಲ್‌ನಿಂದ. ಇವರ ಸೆಂಟರ್ ಸ್ಪೀಕರ್ ಕಪಾಟಿನ ಕೆಳಗಿನ ಖಾನೆಯಲ್ಲಿ, ಮುಂಚಾಚಿದ ಹಲಗೆಯ ಹಿಂದೆ, ಕೇಳುವವರ ಮೊಣಕಾಲಿನ ಮಟ್ಟದಲ್ಲಿತ್ತು. ಅದನ್ನು ಖಾನೆಯ ಅಂಚಿನವರೆಗೆ ಮುಂದಕ್ಕೆ ಎಳೆದು, ತುಸು ಮೇಲ್ಮುಖವಾಗಿ ವಾಲಿಸಿ, ರಿಸೀವರ್‌ನಲ್ಲಿ ಆ ಒಂದು ಚಾನೆಲ್‌ನ ಮಟ್ಟವನ್ನು 3 ಡೆಸಿಬೆಲ್ ಏರಿಸಿ, ರಾತ್ರಿಯ ಬಳಕೆಗೆಂದು ಕೊಟ್ಟಿರುವ ನೈಟ್ ಮೋಡ್ ಹಾಕಿದೆವು. ಈ ಮೋಡ್ ದೊಡ್ಡ ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಎತ್ತಿ, ಎರಡರ ನಡುವಿನ ಅಂತರವನ್ನು ಕುಗ್ಗಿಸುತ್ತದೆ. ಪತ್ನಿಯವರ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಬಗೆಹರಿಯಿತು.

ಇದರಿಂದ ಒಂದು ಅವಶ್ಯಕತೆ ನಿಶ್ಚಿತವಾಯಿತು. ಹೊಸ ಸೌಂಡ್‌ಬಾರ್‌ನಲ್ಲಿ ಸೆಂಟರ್ ಚಾನೆಲ್‌ಗೆ ಮೀಸಲಾದ ಡ್ರೈವರ್ ಇರಬೇಕು, ಅದರ ಮಟ್ಟವನ್ನು ಬೇರೆಯಾಗಿ ಏರಿಸಿ ಇಳಿಸುವಂತಿರಬೇಕು ಮತ್ತು ನೈಟ್ ಮೋಡ್ ಇರಬೇಕು. ಮಾತಿನ ಸ್ಪಷ್ಟತೆ ಹೆಚ್ಚಿಸುವ ಮೋಡ್ ಎಂದು ಬಹುತೇಕ ಎಲ್ಲ ಸೌಂಡ್‌ಬಾರ್‌ಗಳಲ್ಲೂ ಒಂದು ಬಟನ್ ಇರುತ್ತದೆ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳುವುದು ಮುಖ್ಯವಾಗಿ 2,000ದಿಂದ 4,000 ಹರ್ಟ್ಸ್‌ವರೆಗಿನ ಪಟ್ಟಿಯಿಂದಾದ್ದರಿಂದ ಇಂಥ ಮೋಡ್‌ಗಳು ಆ ಭಾಗವನ್ನೇ ಎತ್ತಿ ಹಿಡಿಯುತ್ತವೆ. ಸ್ವಲ್ಪ ಹೊತ್ತಿಗೆ ಅದು ಹಿತವೆನಿಸಿದರೂ ಸಂಜೆಯಿಡೀ ಕೇಳಿದರೆ ಧ್ವನಿ ಕರಕರೆನ್ನಿಸುತ್ತದೆ. ಸೆಂಟರ್‌ನ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸುವುದು ಅದಕ್ಕಿಂತ ಸಹಜ ಉಪಾಯ.

ಜೊತೆಗೆ ವಾಲ್ಯೂಮ್‌ನ ಲೆಕ್ಕವೂ ಸಿಕ್ಕಿತು. ಅವರು ನಿತ್ಯ ಕೇಳುವ ಮಟ್ಟದಲ್ಲಿ ಮಾತು 65 ಡೆಸಿಬೆಲ್ ಆಸುಪಾಸಿನಲ್ಲಿತ್ತು, ಜೋರಾದ ಸದ್ದು 85ನ್ನು ದಾಟುತ್ತಿದ್ದುದು ಅಪರೂಪ. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಕೊಡುವ ಸ್ಪೀಕರ್ 3.2 ಮೀಟರ್ ದೂರದಲ್ಲಿ, ಗೋಡೆಗಳ ನೆರವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 75 ಡೆಸಿಬೆಲ್ ಕೊಡುತ್ತದೆ. ಅಲ್ಲಿಂದ 85ಕ್ಕೆ ಏರಲು 10 ವ್ಯಾಟ್ ಸಾಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ ನೂರಾರು ವ್ಯಾಟ್‌ಗಳು ಎಲ್ಲ ಚಾನೆಲ್‌ಗಳನ್ನೂ ಕೂಡಿಸಿ, ಅನೇಕ ವೇಳೆ ಧ್ವನಿ ಒಡೆಯುವ ಹಂತದಲ್ಲಿ ಅಳೆದ ಮೊತ್ತ. ಶಕ್ತಿ ಇಮ್ಮಡಿಯಾದರೂ ಧ್ವನಿಮಟ್ಟ ಏರುವುದು ಕೇವಲ 3 ಡೆಸಿಬೆಲ್. ಆದ್ದರಿಂದ ಆ ಸಂಖ್ಯೆಯನ್ನು ಮಾನದಂಡಗಳ ಪಟ್ಟಿಯಿಂದಲೇ ಹೊಡೆದುಹಾಕಿದೆವು.

ಟಿವಿಯ ಹಿಂಬದಿ

ಸೌಂಡ್‌ಬಾರ್ ಆಯ್ಕೆಯ ಅರ್ಧಭಾಗ ಟಿವಿಯ ಹಿಂಬದಿಯಲ್ಲಿಯೇ ತೀರ್ಮಾನವಾಗಿರುತ್ತದೆ ಎಂಬುದು ಹಲವರಿಗೆ ಗೊತ್ತಾಗುವುದು ಉಪಕರಣ ಮನೆಗೆ ಬಂದ ಮೇಲೆ. ಈ ಮನೆಯ 55 ಇಂಚಿನ ಟಿವಿಯಲ್ಲಿ ಇದ್ದದ್ದು ಎಆರ್‌ಸಿ (ಆಡಿಯೊ ರಿಟರ್ನ್ ಚಾನೆಲ್), ಅದರ ಸುಧಾರಿತ ರೂಪವಾದ ಇ-ಎಆರ್‌ಸಿ ಅಲ್ಲ. 2009ರಲ್ಲಿ, ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುವ ಕೇಬಲ್‌ನ ಮಾನದಂಡವಾದ ಎಚ್‌ಡಿಎಂಐಯ 1.4 ಆವೃತ್ತಿಯ ಜೊತೆಗೆ ಬಂದ ಎಆರ್‌ಸಿ, ಟಿವಿಯಿಂದ ಧ್ವನಿಯನ್ನು ಅದೇ ಕೇಬಲ್‌ನಲ್ಲಿ ಹಿಂದಕ್ಕೆ ಕಳಿಸುತ್ತದೆ. ಅದರ ಸಾಮರ್ಥ್ಯ ಸೆಕೆಂಡಿಗೆ ಸುಮಾರು 1 ಮೆಗಾಬಿಟ್. 2017ರಲ್ಲಿ ಎಚ್‌ಡಿಎಂಐ 2.1 ಜೊತೆಗೆ ಬಂದ ಇ-ಎಆರ್‌ಸಿ ಇದನ್ನು 37 ಮೆಗಾಬಿಟ್‌ವರೆಗೆ ವಿಸ್ತರಿಸಿತು.

ಮಗಳು ಬಳಸುವ ಆ್ಯಪ್‌ಗಳಿಗೆ ಈ ವ್ಯತ್ಯಾಸ ಬಾಧಿಸುವುದಿಲ್ಲ. ಅವು ಕಳಿಸುವ ಡಾಲ್ಬಿ ಅಟ್ಮಾಸ್ (ಸುತ್ತಲಿನಿಂದಷ್ಟೇ ಅಲ್ಲ, ಮೇಲಿನಿಂದಲೂ ಕೇಳಿಸುವ) ಧ್ವನಿ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಸಂಕುಚಿತ ರೂಪದಲ್ಲಿದ್ದು, ಟಿವಿ ಅನುಮತಿಸಿದರೆ ಎಆರ್‌ಸಿಯಲ್ಲೂ ಹಾಯುತ್ತದೆ. ಯಜಮಾನರ ಡಿಸ್ಕ್‌ಗಳ ಸಂಗತಿ ಬೇರೆ. ಬ್ಲೂ-ರೇಯಲ್ಲಿ ಗುಣಮಟ್ಟ ಕಳೆಯದೆ ಧ್ವನಿಯನ್ನು ಇಡುವ ರೂಪಗಳಾದ ಡಾಲ್ಬಿ ಟ್ರೂ-ಎಚ್‌ಡಿ ಸೆಕೆಂಡಿಗೆ 18 ಮೆಗಾಬಿಟ್‌ವರೆಗೆ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ 24.5 ಮೆಗಾಬಿಟ್‌ವರೆಗೆ ಏರಬಹುದು. ಎಆರ್‌ಸಿಯಲ್ಲಿ ಅವಕ್ಕೆ ಜಾಗವಿಲ್ಲ. ಪ್ಲೇಯರ್‌ನಲ್ಲೇ ಡಿಕೋಡ್ ಮಾಡಿ (ಸಂಕೇತವನ್ನು ಬಿಡಿಸಿ) ಬಹುಚಾನೆಲ್ ಪಿಸಿಎಂ (ಸಂಕುಚಿಸದ ಧ್ವನಿ) ಆಗಿ ಕಳಿಸೋಣವೆಂದರೆ ಎಆರ್‌ಸಿ ದಾಟಿಸುವುದು ಎರಡು ಚಾನೆಲ್ ಪಿಸಿಎಂ ಮಾತ್ರ. ಸಾಲದ್ದಕ್ಕೆ ಕೆಲವು ಟಿವಿಗಳು ಡಿಟಿಎಸ್ ಧ್ವನಿಯನ್ನು ಯಾವ ದಾರಿಯಲ್ಲೂ ಮುಂದಕ್ಕೆ ಬಿಡುವುದಿಲ್ಲ. ಈ ಟಿವಿಯೂ ಅಂಥದ್ದೇ ಆಗಿತ್ತು. ಡಿಟಿಎಸ್ ಡಿಸ್ಕ್ ಹಾಕಿದಾಗ ತೆರೆಯ ಮೇಲೆ ಚಿತ್ರ ಓಡುತ್ತಿತ್ತು, ಎಆರ್‌ಸಿಯಲ್ಲಿ ಪೂರ್ಣ ಮೌನ.

ಹಳೆಯ ರಿಸೀವರ್ ಇದ್ದಾಗ ಈ ತೊಂದರೆ ಕಾಣಿಸಿರಲಿಲ್ಲ, ಏಕೆಂದರೆ ಪ್ಲೇಯರ್ ನೇರವಾಗಿ ರಿಸೀವರ್‌ಗೆ ಸೇರಿತ್ತು. ಹಾಗಾಗಿ ಎರಡನೆಯ ಅವಶ್ಯಕತೆ: ಸೌಂಡ್‌ಬಾರ್‌ಗೆ ಸ್ವಂತ ಎಚ್‌ಡಿಎಂಐ ಇನ್‌ಪುಟ್ ಒಂದಾದರೂ ಇರಬೇಕು, ಅದು 4ಕೆ ಚಿತ್ರವನ್ನು ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ) ಸಹಿತ ಟಿವಿಗೆ ದಾಟಿಸಬೇಕು, ಟ್ರೂ-ಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಎರಡನ್ನೂ ತಾನೇ ಡಿಕೋಡ್ ಮಾಡಬೇಕು. ಈ ಒಂದು ಷರತ್ತಿಗೇ ಮೊದಲ ಪಟ್ಟಿಯಲ್ಲಿದ್ದ ಅರ್ಧದಷ್ಟು ಮಾದರಿಗಳು ಉದುರಿಹೋದವು. ಮಾರಾಟದ ಮಾತಿನಲ್ಲಿ ಈ ಇನ್‌ಪುಟ್‌ನ ಪ್ರಸ್ತಾಪವೇ ಬರುವುದಿಲ್ಲ. ಎಚ್‌ಡಿಎಂಐ ಇದೆ ಎಂದಷ್ಟೇ ಹೇಳುತ್ತಾರೆ, ಇರುವುದು ಟಿವಿಗೆ ಹೋಗುವ ಒಂದೇ ಕಿಂಡಿಯಾಗಿರುತ್ತದೆ.

ಕೋಣೆ ಹೇಳಿದ್ದು

ಉಳಿದ ಮೂರು ಬಗೆಗಳನ್ನು ಹೀಗೆ ಗುರುತಿಸಬಹುದು. ಮೊದಲನೆಯದು ಹಿಂದೆ ಸ್ಪೀಕರ್‌ಗಳಿಲ್ಲದೆ, ಗೋಡೆ ಮತ್ತು ಸೂರಿನ ಪ್ರತಿಫಲನದಿಂದಲೇ ಸುತ್ತಲಿನ ಧ್ವನಿಯನ್ನು ಉಂಟುಮಾಡುವ ದೊಡ್ಡ ಸೌಂಡ್‌ಬಾರ್. ಎರಡನೆಯದು ಸಬ್‌ವೂಫರ್ ಜೊತೆಗೆ ಎರಡು ವೈರ್‌ಲೆಸ್ ಹಿಂಬದಿ ಸ್ಪೀಕರ್‌ಗಳನ್ನೂ ಕೊಡುವ 5.1.2 ಮಾದರಿ (ಕೊನೆಯ 2 ಎಂದರೆ ಸೂರಿನ ಕಡೆಗೆ ಧ್ವನಿ ಕಳಿಸುವ ಮೇಲ್ಮುಖ ಚಾನೆಲ್‌ಗಳು). ಮೂರನೆಯದು ಸೌಂಡ್‌ಬಾರ್ ಅಲ್ಲವೇ ಅಲ್ಲ: ಎಚ್‌ಡಿಎಂಐ ಇರುವ, ಆಂಪ್ಲಿಫೈಯರ್ ಒಳಗೇ ಇರುವ ಒಂದು ಜೊತೆ ಸ್ಟೀರಿಯೊ ಸ್ಪೀಕರ್. ಸಂಗೀತದ ದೃಷ್ಟಿಯಿಂದ ನನ್ನ ಒಲವು ಮೂರನೆಯದರ ಕಡೆಗಿತ್ತು.

ಅದು ಬಿದ್ದುಹೋದದ್ದು ಸೋಫಾದ ಬಲತುದಿಯ ಕಾರಣಕ್ಕೆ. ಪತ್ನಿಯವರು ಕೂರುವುದು ನಡುಗೆರೆಯಿಂದ ಸುಮಾರು 90 ಸೆಂಟಿಮೀಟರ್ ಬಲಕ್ಕೆ. ಸ್ಟೀರಿಯೊದಲ್ಲಿ ಮಾತು ತೆರೆಯ ನಡುವಿನಿಂದ ಬಂದಂತೆ ಕೇಳುವುದು ಎರಡೂ ಸ್ಪೀಕರ್‌ಗಳಿಂದ ಒಂದೇ ಧ್ವನಿ ಒಂದೇ ಸಮಯಕ್ಕೆ ಕಿವಿ ತಲುಪಿದಾಗ. ಸ್ಪೀಕರ್‌ಗಳು 2.8 ಮೀಟರ್ ಅಂತರದಲ್ಲಿದ್ದರೆ ಅವರ ಜಾಗದಿಂದ ಬಲ ಸ್ಪೀಕರ್ 3.24 ಮೀಟರ್ ದೂರದಲ್ಲೂ ಎಡದ್ದು 3.94 ಮೀಟರ್ ದೂರದಲ್ಲೂ ಇರುತ್ತದೆ. ಆ 70 ಸೆಂಟಿಮೀಟರ್ ವ್ಯತ್ಯಾಸ ಎಂದರೆ 2 ಮಿಲಿಸೆಕೆಂಡ್ ವಿಳಂಬ. ಮೊದಲು ತಲುಪಿದ ಧ್ವನಿಯ ದಿಕ್ಕನ್ನೇ ಕಿವಿ ನಂಬುವುದರಿಂದ ಅಷ್ಟು ಸಾಕು, ಮಾತೆಲ್ಲ ಬಲ ಸ್ಪೀಕರ್‌ನೊಳಗೆ ಸೇರಿಹೋಗುತ್ತದೆ. ನಿಜವಾದ ಸೆಂಟರ್ ಸ್ಪೀಕರ್ ಇದ್ದರೆ ಎಲ್ಲಿ ಕುಳಿತರೂ ಮಾತು ತೆರೆಯಲ್ಲೇ ಉಳಿಯುತ್ತದೆ. ಯಾರ ದೂರಿನಿಂದ ಈ ವಿಚಾರ ಶುರುವಾಯಿತೋ ಅವರಿಗೇ ಒದಗದ ಪರಿಹಾರವನ್ನು ಒಪ್ಪುವಂತಿರಲಿಲ್ಲ.

ಮೊದಲನೆಯ ಬಗೆಯನ್ನು ಕೈಬಿಡಲು ಇನ್ನೂ ಸರಳ ಕಾರಣವಿತ್ತು. ಪಕ್ಕದ ಗೋಡೆಗೆ ಧ್ವನಿಯನ್ನು ಬಡಿದು ತಿರುಗಿಸಬೇಕಾದರೆ ಪಕ್ಕದಲ್ಲಿ ಗೋಡೆ ಇರಬೇಕು. ಎಡಕ್ಕೆ ಹೊರಟ ಧ್ವನಿ ಮರಳಿ ಬಂದರೂ ಬಲಕ್ಕೆ ಹೊರಟದ್ದು ಊಟದ ಮೇಜಿನ ಮೇಲೆ ಹಾದು ಅಡುಗೆಮನೆ ಸೇರುತ್ತದೆ. ಸೂರಿನ ಲೆಕ್ಕವನ್ನೂ ಹಾಕಿ ನೋಡಿದೆವು. ಸೌಂಡ್‌ಬಾರ್ ನೆಲದಿಂದ 60 ಸೆಂಟಿಮೀಟರ್, ಕಿವಿ 1 ಮೀಟರ್, ಸೂರು 2.9 ಮೀಟರ್ ಎತ್ತರದಲ್ಲಿದ್ದರೆ ಮೇಲ್ಮುಖವಾಗಿ ಹೊರಟ ಧ್ವನಿ ಸೂರಿಗೆ ತಾಗಿ ತಿರುಗುವ ಜಾಗ ಸೌಂಡ್‌ಬಾರ್‌ನಿಂದ 1.75 ಮೀಟರ್ ಮುಂದೆ ಬರುತ್ತದೆ. ಆ ಬಿಂದುವನ್ನು ಅಳೆದು ತಲೆ ಎತ್ತಿ ನೋಡಿದರೆ ಅಲ್ಲಿದ್ದದ್ದು ಹಿಂದಿನ ಮಾಲೀಕರು ಹಾಕಿಸಿದ್ದ ಮರದ ಪಟ್ಟಿಗಳ ಅಲಂಕಾರ. ಪಟ್ಟಿಗಳ ನಡುವೆ ನಾಲ್ಕು ಬೆರಳು ಸಂದು, ಒಳಗೆ ದೀಪಗಳು. ಸೂರಿನ ಪ್ರತಿಫಲನಕ್ಕೆ ಬೇಕಾದದ್ದು ಸಮತಟ್ಟಾದ, ಗಟ್ಟಿಯಾದ ಮೇಲ್ಮೈ. ಈ ಸೂರಿನ ಎತ್ತರ ಯೋಗ್ಯವಾಗಿದ್ದರೂ ಆ ಪಟ್ಟಿಗಳು ಧ್ವನಿಯನ್ನು ಚದುರಿಸಿಬಿಡುತ್ತವೆ. ಹೆಸರಿನಲ್ಲಿ ಹನ್ನೊಂದು ಚಾನೆಲ್‌ಗಳಿದ್ದ ಆ ಮಾದರಿ ಈ ಕೋಣೆಯಲ್ಲಿ ಮುಂದಿನ ಮೂರು ಚಾನೆಲ್‌ಗಳಿಗಿಂತ ಹೆಚ್ಚಿನದನ್ನು ಕೇಳಿಸುತ್ತಿರಲಿಲ್ಲ.

ಹೀಗೆ ಎರಡನೆಯ ಬಗೆ ಉಳಿಯಿತು. ಅದರಲ್ಲೂ ಟಿವಿಯ ಎರಡು ಕಾಲುಗಳ ನಡುವಿನ 105 ಸೆಂಟಿಮೀಟರ್ ಜಾಗಕ್ಕೆ ಹೊಂದುವ, ರಿಮೋಟ್ ಕಿರಣ ಬೀಳುವ ಜಾಗವನ್ನು ಮರೆಮಾಡದಷ್ಟು ತಗ್ಗಾದ ಮಾದರಿಯನ್ನು ಆರಿಸಲಾಯಿತು. ಅದರ ಉದ್ದ 98, ಎತ್ತರ 6 ಸೆಂಟಿಮೀಟರ್.

ಜೋಡಿಸಿದ ಮೇಲೆ

ಸಬ್‌ವೂಫರ್‌ಗೆ ಕೋಣೆಯಲ್ಲಿ ಖಾಲಿ ಇದ್ದ ಜಾಗ ಒಂದೇ, ಸೋಫಾದ ಪಕ್ಕದ ಹಿಂಮೂಲೆ. ಹಳೆಯ ಮನೆಯಲ್ಲೂ 12 ಇಂಚಿನದು ಹಿಂದೆಯೇ ಇದ್ದದ್ದರಿಂದ ಯಾರಿಗೂ ಸಂದೇಹ ಬರಲಿಲ್ಲ. ವಾರ್ತೆ ಹಾಕಿದೊಡನೆ ಒಂದು ವಿಚಿತ್ರ ಗಮನಕ್ಕೆ ಬಂತು: ವಾಚಕಿಯ ಧ್ವನಿ ತೆರೆಯಿಂದ ಬರುತ್ತಿತ್ತು, ಆದರೆ ದಪ್ಪ ಕಂಠದ ವರದಿಗಾರ ಮಾತಾಡಿದಾಗ ಅವನ ಎದೆಯ ಅನುರಣನವೆಲ್ಲ ಸೋಫಾದ ಹಿಂದಿನಿಂದ ಕೇಳುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಸಬ್‌ವೂಫರ್ ನೋಡಿಕೊಳ್ಳುತ್ತಿದ್ದುದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ. ಅಷ್ಟು ತಗ್ಗಿನ ಧ್ವನಿಯ ಅಲೆಯುದ್ದ 4 ಮೀಟರಿಗೂ ಹೆಚ್ಚು, ಕೋಣೆಯೊಳಗೆ ಅದರ ದಿಕ್ಕು ಕಿವಿಗೆ ತಿಳಿಯುವುದಿಲ್ಲ. ಸೌಂಡ್‌ಬಾರ್‌ನ ಚಿಕ್ಕ ಡ್ರೈವರ್‌ಗಳು ಅಷ್ಟು ಕೆಳಗೆ ಇಳಿಯಲಾರವು. ಹಾಗಾಗಿ ಈ ಸಬ್‌ವೂಫರ್ 150 ಹರ್ಟ್ಸ್ ದಾಟಿಯೂ ಕೆಲಸ ಮಾಡಬೇಕಾಗುತ್ತದೆ, ಗಂಡಸಿನ ಮಾತಿನ ತಳಭಾಗ ಬೀಳುವುದು ಅಲ್ಲಿಯೇ. ಟಿವಿ ಸ್ಟ್ಯಾಂಡಿನ ಬಲಬದಿಯಲ್ಲಿದ್ದ ಹೂಕುಂಡವನ್ನು ಎತ್ತಿಸಿ ಸಬ್‌ವೂಫರನ್ನು ಅಲ್ಲಿಗೆ ತಂದ ಮೇಲೆ ವರದಿಗಾರ ಮತ್ತೆ ತೆರೆಯೊಳಗೆ ಸೇರಿದ.

ಹಿಂಬದಿ ಸ್ಪೀಕರ್‌ಗಳು ವೈರ್‌ಲೆಸ್ ಎಂದರೆ ಸಿಗ್ನಲ್‌ಗೆ ತಂತಿ ಬೇಡ ಎಂದಷ್ಟೇ ಅರ್ಥ. ಪ್ರತಿಯೊಂದಕ್ಕೂ ಪ್ಲಗ್ ಪಾಯಿಂಟ್ ಬೇಕು. ಸೋಫಾದ ಎರಡೂ ತುದಿಯಲ್ಲಿ ಪಾಯಿಂಟ್ ಇದ್ದದ್ದು ಅದೃಷ್ಟ. ಆದರೆ ಕಿವಿಯ ಮಟ್ಟದಲ್ಲಿಟ್ಟಾಗ ಬಲ ಸ್ಪೀಕರ್ ಪತ್ನಿಯವರಿಂದ 40 ಸೆಂಟಿಮೀಟರ್, ಎಡದ್ದು 2.2 ಮೀಟರ್ ದೂರದಲ್ಲಿ ಉಳಿದು, ಎರಡರ ನಡುವೆ ಲೆಕ್ಕದ ಪ್ರಕಾರ ಸುಮಾರು 15 ಡೆಸಿಬೆಲ್ ವ್ಯತ್ಯಾಸವಾಯಿತು. ಒಂದು ಕಿವಿಯಲ್ಲೇ ಮಳೆ ಸುರಿಯುತ್ತಿದೆ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ. ಸ್ಪೀಕರ್‌ಗಳನ್ನು ಗೋಡೆಯ ಮೇಲೆ 1.7 ಮೀಟರ್ ಎತ್ತರಕ್ಕೆ ಏರಿಸಿದಾಗ ಹತ್ತಿರದ್ದರ ದೂರ 86 ಸೆಂಟಿಮೀಟರಿಗೆ ಹೆಚ್ಚಿ, ವ್ಯತ್ಯಾಸ 9 ಡೆಸಿಬೆಲ್‌ನೊಳಗೆ ಬಂತು. ಬಲ ಸ್ಪೀಕರ್‌ನ ಮಟ್ಟವನ್ನು ತುಸು ತಗ್ಗಿಸಿದ ಮೇಲೆ ತಕರಾರು ಉಳಿಯಲಿಲ್ಲ.

ಪ್ಲೇಯರ್ ನೇರವಾಗಿ ಸೌಂಡ್‌ಬಾರ್‌ಗೆ ಸೇರಿದಾಗ ಧ್ವನಿ ಚಿತ್ರಕ್ಕಿಂತ ಮುಂಚೆ ಬರತೊಡಗಿತು, ಏಕೆಂದರೆ ಟಿವಿ ಚಿತ್ರವನ್ನು ಸಂಸ್ಕರಿಸಲು ಸಮಯ ತೆಗೆದುಕೊಳ್ಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ವೀಕ್ಷಕರಿಗೆ ಗೊತ್ತಾಗತೊಡಗುತ್ತದೆ. ತಡವಾದದ್ದನ್ನು ಮನಸ್ಸು ಹೆಚ್ಚು ಸಹಿಸುತ್ತದೆ, ದೂರದ ಸದ್ದು ತಡವಾಗಿ ಕೇಳುವುದು ಪ್ರಕೃತಿಯಲ್ಲೂ ಇರುವುದೇ. ಸೌಂಡ್‌ಬಾರ್‌ನ ಆಡಿಯೊ ಡಿಲೇಯನ್ನು ಆ ಇನ್‌ಪುಟ್‌ಗೆ ಮಾತ್ರ ಹೊಂದಿಸಿ ಇದನ್ನು ಸರಿಪಡಿಸಲಾಯಿತು.

ಉಳಿದದ್ದು, ಹೋದದ್ದು

ಮಾತಿನ ಮಟ್ಟಿಗೆ ಹೊಸ ವ್ಯವಸ್ಥೆ ಹಳೆಯದಕ್ಕಿಂತ ಮೇಲು. ಸೆಂಟರ್ 2 ಡೆಸಿಬೆಲ್ ಏರಿಕೆಯಲ್ಲಿ ಸ್ಥಿರವಾಗಿದೆ, ರಾತ್ರಿ ಹೊತ್ತು ನೈಟ್ ಮೋಡ್ ಇರುತ್ತದೆ, ಟಿವಿ ರಿಮೋಟ್‌ನಿಂದಲೇ ವಾಲ್ಯೂಮ್ ನಡೆಯುತ್ತದೆ. ಹಿಂದಿನಿಂದ ಬರುವ ಸದ್ದು ಸ್ಪಷ್ಟವಾಗಿ ಹಿಂದಿನಿಂದಲೇ ಬರುತ್ತದೆ. ಡಿಟಿಎಸ್ ಡಿಸ್ಕ್‌ಗಳು ಮಾತಾಡುತ್ತವೆ.

ಮುಂಭಾಗದ ವಿಸ್ತಾರ ಹೋಯಿತು. ಹಳೆಯ ಸ್ಪೀಕರ್‌ಗಳು ಕೇಳುವವರ ಎದುರು 47 ಡಿಗ್ರಿಗಳಷ್ಟು ಹರಡಿದ್ದವು, ಸೌಂಡ್‌ಬಾರ್‌ನ ಎರಡು ತುದಿಗಳ ನಡುವಿನ ಕೋನ 18 ಡಿಗ್ರಿಗೆ ಹತ್ತಿರ. ಸಾಫ್ಟ್‌ವೇರ್ ಬಲದಿಂದ ಅದನ್ನು ಅಗಲಿಸುವ ಮೋಡ್ ಇದೆ, ಆದರೆ ಅದನ್ನು ಹಾಕಿದರೆ ಹಾಡುವವರ ಧ್ವನಿ ತೆಳುವಾಗುತ್ತದೆ. ಆಳದ ಬಾಸ್ ಕೂಡ ಹೋಯಿತು: ಹಳೆಯ ಸಬ್‌ವೂಫರ್ 25 ಹರ್ಟ್ಸ್‌ನವರೆಗೆ ಇಳಿಯುತ್ತಿತ್ತು, ಹೊಸದು 40ರ ಸುಮಾರಿಗೆ ನಿಲ್ಲುತ್ತದೆ. ಈ ಎರಡನೆಯ ನಷ್ಟ ಈ ಮನೆಗೆ ಒಂದು ಬಗೆಯ ಅನುಕೂಲವೇ. ಅತಿ ತಗ್ಗಿನ ಧ್ವನಿಯನ್ನು ಗೋಡೆಗಳೂ ನೆಲವೂ ತಡೆಯಲಾರವು, ಕೆಳಮನೆಯವರ ಮೊದಲ ದೂರು ಬರುವುದು ಅದರಿಂದಲೇ.

ಸಂಗೀತದ ನಷ್ಟವನ್ನು ಮಾತ್ರ ಯಜಮಾನರು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಎರಡು ದೊಡ್ಡ ಸ್ಪೀಕರ್‌ಗಳು ಮತ್ತು ಹಳೆಯ ರಿಸೀವರ್ ಓದುವ ಕೋಣೆಗೆ ಹೋದವು. ಅಲ್ಲಿ ಅವು ಸಬ್‌ವೂಫರ್ ಇಲ್ಲದೆ ಶುದ್ಧ ಸ್ಟೀರಿಯೊ ಆಗಿ ನಡೆಯುತ್ತಿವೆ. ಕೇಳುವವರು ಒಬ್ಬರೇ ಆದ್ದರಿಂದ ನಡುಗೆರೆಯ ತೊಂದರೆಯೂ ಇಲ್ಲ. ಸಬ್‌ವೂಫರ್, ಸೆಂಟರ್ ಮತ್ತು ನಾಲ್ಕು ಚಿಕ್ಕ ಸ್ಪೀಕರ್‌ಗಳನ್ನು ಸ್ವತಂತ್ರ ಮನೆಯಿರುವ ಸಂಬಂಧಿಕರಿಗೆ ಕೊಟ್ಟರು.

ಸೌಂಡ್‌ಬಾರ್‌ನ ಮೇಲ್ಮುಖ ಡ್ರೈವರ್‌ಗಳು ಈ ಸೂರಿನ ಕೆಳಗೆ ಹೆಚ್ಚುಕಡಿಮೆ ನಿರುಪಯೋಗಿ. ಎಚ್‌ಡಿಎಂಐ ಇನ್‌ಪುಟ್ ಮತ್ತು ಹಿಂಬದಿ ಸ್ಪೀಕರ್‌ಗಳು ಎರಡೂ ಬೇಕೆಂದಾಗ ಪಟ್ಟಿಯಲ್ಲಿ ಉಳಿದ ಮಾದರಿಗಳಲ್ಲಿ ಅವಿಲ್ಲದ್ದು ಒಂದೂ ಇರಲಿಲ್ಲವಾದ್ದರಿಂದ ಬಳಸದ ಭಾಗಕ್ಕೂ ಹಣ ಕೊಡಬೇಕಾಯಿತು. ಮರದ ಪಟ್ಟಿಗಳನ್ನು ತೆಗೆಸುವ ವಿಚಾರವನ್ನು ಪತ್ನಿಯವರು ಒಪ್ಪಿಲ್ಲ. ಆ ಡ್ರೈವರ್‌ಗಳ ಮಟ್ಟವನ್ನು ಕನಿಷ್ಠಕ್ಕೆ ಇಳಿಸಿಡಲಾಗಿದೆ. ಮುಂದೆ ಇ-ಎಆರ್‌ಸಿ ಇರುವ ಟಿವಿ ಬಂದರೂ, ಅದು ಡಿಟಿಎಸ್ ಧ್ವನಿಯನ್ನು ದಾಟಿಸುತ್ತದೆಂದು ಪರೀಕ್ಷಿಸಿ ನೋಡುವವರೆಗೆ, ಪ್ಲೇಯರ್‌ನ ಕೇಬಲ್ ಸೌಂಡ್‌ಬಾರ್‌ನಲ್ಲೇ ಇರಲಿ ಎಂದು ತಿಳಿಸಿದ್ದೇನೆ.